ಪಿಗ್ಮಿ ಲೈನ್ ಮಾಡಿಕೊಂಡೇ ಸೋಷಿಯಲ್ ವರ್ಕ್ ಓದುವುದು ಹೇಗೆ

ನಾನು ತುಮಕೂರಿನಲ್ಲಿ ಪಿಗ್ಮಿ ಕಲೆಕ್ಟರ್. ಒಂದು ಸಹಕಾರ ಸಂಘದ ಪರವಾಗಿ 14 ವರ್ಷದಿಂದ ಮಂಡಿಪೇಟೆ, ಅಶೋಕ ರಸ್ತೆ ಕಡೆಯ ಅಂಗಡಿಗಳಿಗೆ ಕೈಯಲ್ಲಿ ಮಷಿನ್ ಹಿಡಿದು ಹೋಗುತ್ತೇನೆ. ದಿನದ ಉಳಿತಾಯ ಅಂತ ಐವತ್ತೋ ನೂರೋ ಇಸ್ಕೊಂಡು ಚೀಟಿ ಹರಿದು ಕೊಡುವ ಕೆಲಸ. ಈ ದಿನದ ಸುತ್ತಿಗೆ ನಾವು ಲೈನ್ ಅಂತೀವಿ. 2022ರ ಜುಲೈನಲ್ಲಿ, 38 ತುಂಬಿದ ಮೇಲೆ, ಇಗ್ನೊ ಅನ್ನುವ ಮುಕ್ತ ವಿಶ್ವವಿದ್ಯಾಲಯದಲ್ಲಿ ಎಂಎಸ್‌ಡಬ್ಲ್ಯು, ಅಂದರೆ ಸೋಷಿಯಲ್ ವರ್ಕ್‌ನ ಸ್ನಾತಕೋತ್ತರ ಪದವಿಗೆ ಸೇರಿದೆ. 2 ವರ್ಷದ ಕೋರ್ಸನ್ನು 3 ವರ್ಷ ಎಳೆದು ಮುಗಿಸಿದೆ.

ಈಗ ಲೈನಿನಲ್ಲಿ ವಾರಕ್ಕೊಬ್ಬರಾದರೂ ಕೇಳುತ್ತಾರೆ: "ಅಕ್ಕಾ, ನಾನೂ ಆನ್‌ಲೈನಲ್ಲಿ ಸೋಷಿಯಲ್ ವರ್ಕ್ ಡಿಪ್ಲೊಮಾ ಮಾಡ್ಲಾ?" ಅಂಗಡಿ ಮುಂದೆ ನಿಂತುಕೊಂಡು ಹೇಳುವ ವಿಷಯ ಅಲ್ಲ ಇದು. ಅದಕ್ಕೇ ಬರೆದಿದ್ದೇನೆ.

ಕೇಳಿದವರಿಗೆ ನಾನು ತಿರುಗಿಸಿ ಕೇಳುವುದು ಒಂದೇ ಪ್ರಶ್ನೆ. ವಾರದಲ್ಲಿ ಒಂದು ಹಗಲು, ಭಾನುವಾರ ಬಿಟ್ಟು, ನಿಮಗೆ ಬಿಡುವು ಸಿಗುತ್ತಾ? ಫೀಸು, ಇಂಗ್ಲಿಷು, ವಯಸ್ಸು ಎಲ್ಲ ಆಮೇಲೆ. ಈ ಓದಿನಲ್ಲಿ ಆನ್‌ಲೈನ್ ಆಗುವುದು ಅರ್ಜಿ, ಫೀಸು, ಪಾಠದ ಪಿಡಿಎಫ್ ಮಾತ್ರ. ಫೀಲ್ಡ್‌ವರ್ಕ್‌ಗೆ, ಅಂದರೆ ಒಂದು ಸಂಸ್ಥೆಗೆ ಹೋಗಿ ಜನರ ಜೊತೆ ಕೆಲಸ ಕಲಿಯುವುದಕ್ಕೆ, ನೀವೇ ಹೋಗಬೇಕು. ನನ್ನ ಕೋರ್ಸಿನಲ್ಲಿ ಅದಕ್ಕೆ ವರ್ಷಕ್ಕೆ 10 ಕ್ರೆಡಿಟ್. ಇಗ್ನೊ ಲೆಕ್ಕದಲ್ಲಿ 1 ಕ್ರೆಡಿಟ್ ಅಂದರೆ 30 ಗಂಟೆ, ಅಲ್ಲಿಗೆ ವರ್ಷಕ್ಕೆ 300 ಗಂಟೆ. ಮಧ್ಯದಲ್ಲಿ ಬಿಟ್ಟವರನ್ನು ನಾನು ನೋಡಿದ್ದೇನೆ. ಹೆಚ್ಚಿನವರು ಬಿಟ್ಟಿದ್ದು ಪರೀಕ್ಷೆಗೆ ಹೆದರಿ ಅಲ್ಲ, ಈ ಹಗಲು ಸಿಗದೆ.

ಯಾವ ಕೋರ್ಸು ಅನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ನಾನೂ ಡಿಪ್ಲೊಮಾ ಹುಡುಕಿಕೊಂಡೇ ಹೋಗಿದ್ದು. ಆಮೇಲೆ ಕೆಲಸದ ಜಾಹೀರಾತುಗಳನ್ನು ಕೂತು ಓದಿದೆ. ಹೆಚ್ಚಿನ ಕಡೆ ಕೇಳಿದ್ದು ಎಂಎಸ್‌ಡಬ್ಲ್ಯು. ಯಾವ ಡಿಗ್ರಿ ಇದ್ದರೂ ಅದಕ್ಕೆ ಸೇರಬಹುದು. ನನ್ನದು ಬಿ.ಕಾಂ. ಕಡಿಮೆ ಅಂದರೆ 2 ವರ್ಷ, ಹೆಚ್ಚು ಅಂದರೆ 4 ವರ್ಷ ಅವಕಾಶ. ನಮ್ಮಂಥವರಿಗೆ ಆ 4 ವರ್ಷ ಅನ್ನುವುದೇ ದೊಡ್ಡ ಧೈರ್ಯ. ನೀವು ಈಗಾಗಲೇ ಯಾವುದೋ ಸಂಸ್ಥೆಯಲ್ಲಿದ್ದು, ತಿಳಿವಳಿಕೆಗೆ ಒಂದು ಓದು ಬೇಕು ಅನ್ನುವವರಾದರೆ ಡಿಪ್ಲೊಮಾ ಸಾಕು. ಆದರೆ ನಾಲ್ಕು ವಾರದಲ್ಲಿ ಸರ್ಟಿಫಿಕೇಟ್ ಕೊಡುತ್ತೇವೆ ಅಂತ ಫೋನ್ ಮಾಡುವವರಿಗೆ ದುಡ್ಡು ಕಟ್ಟಬೇಡಿ. ಯಾವುದೇ ದೂರಶಿಕ್ಷಣದ ಕೋರ್ಸ್ ಇರಲಿ, ಸೇರುವ ಮೊದಲು ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ದೂರಶಿಕ್ಷಣ ಬ್ಯೂರೋ ಪಟ್ಟಿಯಲ್ಲಿ ಆ ವಿಶ್ವವಿದ್ಯಾಲಯವೂ ಆ ಕೋರ್ಸೂ ಎರಡೂ ಇವೆಯಾ ನೋಡಿ. ಒಂದಿದ್ದು ಇನ್ನೊಂದಿಲ್ಲದಿದ್ದರೆ ಪ್ರಯೋಜನ ಇಲ್ಲ. 2024ರಿಂದ ಸೇರುವವರಿಗೆ ಡೆಬ್ ಐಡಿ ಅಂತ ಅದೇ ಬ್ಯೂರೋದ ಒಂದು ನಂಬರ್ ಕೂಡ ಬೇಕು. ಅದಕ್ಕೆ ಮೊದಲು ಎಬಿಸಿ ಐಡಿ, ಅಂದರೆ ಓದಿನ ಕ್ರೆಡಿಟ್ ಜಮಾ ಆಗುವ ಖಾತೆಯ ನಂಬರ್, ಮಾಡಿಸಬೇಕು. ಆಧಾರ್‌ನಲ್ಲಿ ಇರುವ ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಇರುವ ಹೆಸರು ಒಂದೇ ಥರ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಮದುವೆಯಾದ ಮೇಲೆ ಇನಿಷಿಯಲ್ ಬದಲಾದ ಹೆಣ್ಣುಮಕ್ಕಳಿಗೆ ಈ ಮಾತು ವಿಶೇಷವಾಗಿ.

ಇನ್ನೊಂದು ಎಚ್ಚರ. ಆಸ್ಪತ್ರೆಯಲ್ಲಿ ಮೆಡಿಕಲ್ ಅಥವಾ ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಆಗುವ ಆಸೆ ಇದ್ದರೆ ಸ್ವಲ್ಪ ತಡೆಯಿರಿ. 2021ರಲ್ಲಿ ಬಂದ ಅಲೈಡ್ ಹೆಲ್ತ್‌ಕೇರ್ (ವೈದ್ಯಕೀಯಕ್ಕೆ ಪೂರಕವಾದ ಆರೋಗ್ಯ ವೃತ್ತಿಗಳ) ಕಾಯ್ದೆಯ ಪಟ್ಟಿಯಲ್ಲಿ ಆ ಕೆಲಸಗಳೂ ಇವೆ. ಆ ಕಾಯ್ದೆಯಡಿ ಬರುವ ಕೋರ್ಸ್‌ಗಳನ್ನು ದೂರಶಿಕ್ಷಣ, ಆನ್‌ಲೈನ್‌ನಲ್ಲಿ ನಡೆಸಬೇಡಿ ಅಂತ 2025ರಲ್ಲಿ ಯುಜಿಸಿ ಹೇಳಿದೆ. ನಿಮಗೆ ಬೇಕಾದ ಹುದ್ದೆಯ ನೋಟಿಫಿಕೇಶನ್ ತೆಗೆದು, ಏನು ಓದಿರಬೇಕು ಅಂತ ಬರೆದಿದ್ದಾರೆ ಎಂಬುದನ್ನು ನೋಡಿಕೊಂಡೇ ಹೆಜ್ಜೆ ಇಡಿ.

ಈಗ ಸಮಯದ ಲೆಕ್ಕ. 4 ಕ್ರೆಡಿಟ್‌ನ ಒಂದು ಪೇಪರ್ ಅಂದರೆ 120 ಗಂಟೆ. ದಿನಕ್ಕೆ ಒಂದೂಕಾಲು ಗಂಟೆ ಓದಿದರೆ 96 ದಿನ. ಕೇಳಿದರೆ ಸುಲಭ ಅನ್ನಿಸುತ್ತೆ, ಅಲ್ವಾ? ನಾನು ರಾತ್ರಿ ಒಂಬತ್ತೂವರೆಗೆ ಪಾತ್ರೆ ತೊಳೆದಿಟ್ಟು ಪುಸ್ತಕ ತೆಗೆಯುತ್ತಿದ್ದೆ. ಮೂರನೇ ಪುಟಕ್ಕೆ ನಿದ್ದೆ. ಎರಡು ತಿಂಗಳು ಹೀಗೇ ಹೋಯಿತು. ನನಗೆ ಓದು ಹತ್ತಲ್ಲ ಅಂತಲೇ ಅಂದುಕೊಂಡೆ.

ಆಮೇಲೆ ಒಂದು ದಿನ ನನ್ನ ಲೈನನ್ನೇ ಕಾಗದದ ಮೇಲೆ ಬರೆದೆ. ಬೆಳಗ್ಗೆ ಹತ್ತೂವರೆಯಿಂದ ಒಂದರವರೆಗೆ ದಿನಸಿ, ಮಂಡಿ ಅಂಗಡಿಗಳು. ಸಂಜೆ ನಾಲ್ಕೂವರೆಯಿಂದ ಎಂಟರವರೆಗೆ ಹೋಟೆಲು, ಹೂವು, ತರಕಾರಿ. ನಡುವೆ ಮೂರೂವರೆ ಗಂಟೆ ಏನು ಮಾಡ್ತಿದ್ದೆ? ಮನೆಗೆ ಹೋಗಿ ಉಂಡು, ಟಿವಿ ಹಾಕಿ, ಹಾಗೇ ಮಲಗ್ತಿದ್ದೆ. ಮಾರನೇ ದಿನದಿಂದ ಬುತ್ತಿ ಕಟ್ಟಿಕೊಂಡೆ. ನನ್ನ ಲೈನಿನಲ್ಲೇ ಒಬ್ಬರು ಟೈಲರ್ ಅಕ್ಕ ಇದ್ದಾರೆ. ಅವರ ಅಂಗಡಿಯ ಹಿಂದಿನ ಬೆಂಚು ನನ್ನ ಲೈಬ್ರರಿ ಆಯ್ತು. ಎರಡರಿಂದ ಮೂರೂಕಾಲರವರೆಗೆ ಓದು. ಹೊಲಿಗೆ ಮಷಿನ್ ಸದ್ದು ಒಂದು ವಾರ ಕಾಡಿತು. ಆಮೇಲೆ ಅದಿಲ್ಲದಿದ್ದರೆ ಓದೇ ಹೋಗುತ್ತಿರಲಿಲ್ಲ. ನಿಮ್ಮ ಕೆಲಸಕ್ಕೂ ಇಂಥ ಒಂದು ಸಂದು ಇದ್ದೇ ಇರುತ್ತೆ. ಗಾರ್ಮೆಂಟ್ಸ್‌ನವರಿಗೆ ಬಸ್ಸಿನಲ್ಲಿ, ನರ್ಸ್‌ಗಳಿಗೆ ನೈಟ್ ಡ್ಯೂಟಿ ಮುಗಿದ ಮಾರನೇ ಮಧ್ಯಾಹ್ನ. ಒಂದು ವಾರ ನಿಮ್ಮ ದಿನವನ್ನು ಗಂಟೆಗಂಟೆಗೆ ಬರೆದು ನೋಡಿ, ಸಿಗುತ್ತೆ.

ಭಾಷೆಯ ವಿಚಾರ. ಮಾಧ್ಯಮ ಇಂಗ್ಲಿಷ್ ಅಥವಾ ಹಿಂದಿ. ಕನ್ನಡ ಇಲ್ಲ. ನಾನು ಕನ್ನಡ ಮೀಡಿಯಂನವಳು. ಪುಸ್ತಕಗಳು ಇಗ್ನೊದ ಇ-ಜ್ಞಾನಕೋಶ ವೆಬ್‌ಸೈಟಿನಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಸೇರುವ ಮೊದಲೇ ಒಂದು ಯೂನಿಟ್ ತೆಗೆದು ಓದಿ ನೋಡಿ, ನಿಮ್ಮ ಕೈಲಾಗುತ್ತಾ ಅಂತ ಗೊತ್ತಾಗುತ್ತೆ. ನಾನು ಮಾಡಿದ್ದು ಇಷ್ಟು. ಒಂದು ಯೂನಿಟ್ ಓದುವುದು. ಸಂಜೆ ಅಂಗಡಿಯಿಂದ ಅಂಗಡಿಗೆ ನಡೆಯುವಾಗ ಅದನ್ನು ಕನ್ನಡದಲ್ಲಿ ಫೋನಿಗೆ ಹೇಳಿ ರೆಕಾರ್ಡ್ ಮಾಡುವುದು. ಎಲ್ಲಿ ತೊದಲುತ್ತೇನೋ ಅಲ್ಲಿ ಅರ್ಥ ಆಗಿಲ್ಲ ಅಂತ ಲೆಕ್ಕ. ಜೊತೆಗೆ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಪದ, ಎದುರಿಗೆ ನನ್ನದೇ ಮಾತು. ಎಂಪಥಿ ಎದುರಿಗೆ ನಾನು ಬರೆದುಕೊಂಡಿದ್ದು: "ಅಯ್ಯೋ ಪಾಪ ಅನ್ನದೆ ಕೇಳಿಸಿಕೊಳ್ಳುವುದು". ಕಷ್ಟ ಹೇಳಿಕೊಂಡು ಬಂದವರ ಜೊತೆ ಹೇಗೆ ನಡೆದುಕೊಳ್ಳಬೇಕು ಅಂತ ಬೀಸ್ಟೆಕ್ ಎಂಬುವರು ಹೇಳಿದ ಏಳು ತತ್ವಗಳು ಬರುತ್ತವೆ. ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಅದರಲ್ಲಿ ಸೆಲ್ಫ್ ಡಿಟರ್ಮಿನೇಶನ್ ಎದುರಿಗೆ ನಾನು ಬರೆದದ್ದು "ಅವರ ಬದುಕು, ಅವರದೇ ತೀರ್ಮಾನ".

ಅಸೈನ್‌ಮೆಂಟಿಗೆ 30, ಪರೀಕ್ಷೆಗೆ 70 ಪಾಲು. ಅಸೈನ್‌ಮೆಂಟನ್ನು ಕೈಯಲ್ಲೇ ಬರೆಯಬೇಕು. ಪ್ರಶ್ನೆಗಳು ಬದಲಾಗುತ್ತಿರುತ್ತವೆ. ನಾನು ಯಾರೋ ವಾಟ್ಸಾಪಿನಲ್ಲಿ ಕಳಿಸಿದ ಹಳೇ ಸೆಷನ್ ಪ್ರಶ್ನೆಗಳಿಗೆ 22 ಪುಟ ಉತ್ತರ ಬರೆದು ಕೂತಿದ್ದೆ. ತಲೆಬರಹದಲ್ಲಿ ವರ್ಷ ನೋಡಿರಲಿಲ್ಲ, ತಪ್ಪು ನನ್ನದೇ. ನೀವು ಮೊದಲು ಆ ವರ್ಷ ನೋಡಿ, ಆಮೇಲೆ ಪೆನ್ನು ತೆಗೆಯಿರಿ. ಜೂನ್ ಪರೀಕ್ಷೆಗೆ ಸಾಮಾನ್ಯವಾಗಿ ಏಪ್ರಿಲ್ ಕೊನೆಗೆ, ಡಿಸೆಂಬರ್ ಪರೀಕ್ಷೆಗೆ ಅಕ್ಟೋಬರ್ ಕೊನೆಗೆ ಕೊಡಬೇಕು. ದಿನಾಂಕ ಮುಂದೆ ಹೋಗಬಹುದು, ಅದನ್ನು ನಂಬಿ ಕೂರಬೇಡಿ. ಕೊಡುವ ಮೊದಲು ಪ್ರತಿ ಪುಟದ ಫೋಟೊ ತೆಗೆದಿಡಿ, ಕೊಟ್ಟಿದ್ದಕ್ಕೆ ರಸೀದಿ ಇಟ್ಟುಕೊಳ್ಳಿ. ಚೀಟಿ ಇಲ್ಲದೆ ದುಡ್ಡು ಕೊಡಬೇಡಿ ಅಂತ ಊರಿಗೆಲ್ಲ ಹೇಳುವವಳು ನಾನು!

ಇನ್ನು ಫೀಲ್ಡ್‌ವರ್ಕ್. ಸಂಸ್ಥೆಗಳು ಭಾನುವಾರ ಬಾಗಿಲು ಹಾಕಿರುತ್ತವೆ. ನಮಗೆ ಬಿಡುವು ಸಿಗುವುದೇ ಭಾನುವಾರ. ನಾನು ಇನ್ನೊಬ್ಬ ಕಲೆಕ್ಟರ್ ಹತ್ತಿರ ಮಾತಾಡಿಕೊಂಡೆ. ಗುರುವಾರ ನನ್ನ ಬೆಳಗಿನ ಲೈನ್ ಅವರು ಮಾಡುವುದು, ಶನಿವಾರ ಅವರ ಲೈನ್ ನಾನು ಮಾಡುವುದು. ಸಂಘಕ್ಕೆ ಬರೆದುಕೊಟ್ಟು ಒಪ್ಪಿಗೆ ತಗೊಂಡೆ. ದುಡ್ಡಿನ ವ್ಯವಹಾರ ನೋಡಿ, ಬಾಯಿಮಾತು ನಡೆಯಲ್ಲ. ಇಂಥ ಅನುಕೂಲ ಇಲ್ಲದವರು ವೃದ್ಧಾಶ್ರಮ, ಮಕ್ಕಳ ಹಾಸ್ಟೆಲ್, ಸಂಜೆ ಟ್ಯೂಷನ್ ಕೇಂದ್ರ ಕೇಳಿ ನೋಡಿ. ಅಲ್ಲಿ ರಜೆ ದಿನವೂ ಜನ ಇರುತ್ತಾರೆ. ಫೀಲ್ಡ್‌ವರ್ಕ್ ನೋಡಿಕೊಳ್ಳುವ ಮೇಲ್ವಿಚಾರಕರು ಒಪ್ಪಬೇಕು, ಅಷ್ಟೇ.

ಕೇಳಲು ಹೋದಾಗ ಮೂರು ವಿಷಯ ಖಚಿತ ಮಾಡಿಕೊಳ್ಳಿ. ನನ್ನ ಹಾಜರಿಗೆ ಸಹಿ ಮಾಡುವವರು ಯಾರು? ಯಾವ ದಿನ, ಎಷ್ಟೊತ್ತಿಗೆ ಬರಲಿ? ನಾನು ಜನರ ಜೊತೆ ಕೂತು ಮಾತಾಡಬಹುದಾ, ಇಲ್ಲ ಬರೀ ರಿಜಿಸ್ಟರ್ ಬರೆಯಬೇಕಾ? ಮೂರನೆಯದು ಕೇಳದೆ ಹೋದ ನನ್ನ ಸಹಪಾಠಿಯೊಬ್ಬರು ನಾಲ್ಕು ತಿಂಗಳು ಒಂದು ಕಡೆ ಲೆಡ್ಜರ್ ಬರೆದರು.

ನನಗೆ ಸಿಕ್ಕಿದ್ದು ವಯಸ್ಸಾದವರ ಒಂದು ಡೇ ಕೇರ್. ಹೋಗಿಬಂದ ಪ್ರತಿ ದಿನದ್ದೂ ಬರೆಯಬೇಕು. ಮೊದಲನೇ ದಿನ ಒಬ್ಬ ಅಜ್ಜನ ಜೊತೆ ಮುಕ್ಕಾಲು ಗಂಟೆ ಕೂತು ಬಂದು ಬರೆದೆ: "ಅಜ್ಜ ತುಂಬಾ ದುಃಖದಲ್ಲಿದ್ದರು. ಮಗ, ಸೊಸೆ ಸರಿಯಾಗಿ ನೋಡಿಕೊಳ್ಳುತ್ತಿಲ್ಲ." ಮೇಲ್ವಿಚಾರಕಿ ಮೇಡಂ ಎರಡೂ ಸಾಲಿಗೆ ಸುತ್ತು ಹಾಕಿದರು.

"ದುಃಖ ಅಂತ ಅವರು ಹೇಳಿದ್ರಾ?"

"ಇಲ್ಲ ಮೇಡಂ, ನೋಡಿದ್ರೆ ಗೊತ್ತಾಗ್ತಿತ್ತು."

"ಏನು ನೋಡಿದ್ರಿ ಅದನ್ನ ಬರೀರಿ."

ಮತ್ತೆ ಬರೆದೆ. ಅಜ್ಜ ಮೂರು ಸಲ ಟೈಮ್ ಎಷ್ಟಾಯ್ತು ಅಂತ ಕೇಳಿದರು. ಕೊಟ್ಟ ಟೀ ಕೆನೆಗಟ್ಟುವವರೆಗೂ ಮುಟ್ಟಲಿಲ್ಲ. ಗೇಟಿನ ಸದ್ದಾದಾಗಲೆಲ್ಲ ತಿರುಗಿ ನೋಡಿದರು. ಹೀಗೆ ಬರೆದ ಮೇಲೆ ನನಗೇ ಬೇರೆ ಥರ ಕಂಡಿತು. ಮುಂದಿನ ವಾರ ಕೇಳಿದರೆ, ಹನ್ನೆರಡೂವರೆಗೆ ಮೊಮ್ಮಗಳು ಶಾಲೆ ಬಿಟ್ಟು ಆ ದಾರಿಯಲ್ಲೇ ಹೋಗುತ್ತಾಳಂತೆ. ಅವಳಿಗಾಗಿ ಕಾಯುತ್ತಿದ್ದರು. ಸೊಸೆಗೂ ಇದಕ್ಕೂ ಏನೂ ಸಂಬಂಧ ಇಲ್ಲ. ಸೊಸೆಯನ್ನು ಕಥೆಗೆ ತಂದವಳು ನಾನು. ಹಾಗಾಗಿ ನಿಮ್ಮ ಜರ್ನಲ್ ಪುಟವನ್ನು ಮಧ್ಯೆ ಗೆರೆ ಹೊಡೆದು ಎರಡು ಭಾಗ ಮಾಡಿ. ಎಡಕ್ಕೆ ಕಂಡದ್ದು, ಕೇಳಿದ್ದು. ಬಲಕ್ಕೆ ನಿಮಗೆ ಅನ್ನಿಸಿದ್ದು. ಅದೇ ದಿನ ಬರೆಯಿರಿ. ಎರಡು ದಿನ ಬಿಟ್ಟರೆ ಬಲಗಡೆಯದು ಎಡಗಡೆಗೆ ಬಂದುಬಿಡುತ್ತೆ.

ನನ್ನ ದೊಡ್ಡ ಎಡವಟ್ಟನ್ನೂ ಹೇಳಿಬಿಡುತ್ತೇನೆ. ಪಿಗ್ಮಿ ಕಲೆಕ್ಟರ್ ಅಂದರೆ ನಡೆದಾಡುವ ಪೇಪರ್. ಈ ಅಂಗಡಿ ಸುದ್ದಿ ಆ ಅಂಗಡಿಗೆ. ಒಂದು ಸಂಜೆ ಮಂಡಿಯಲ್ಲಿ, ಹೆಸರು ಹೇಳದೆಯೇ, "ಇವತ್ತು ಒಬ್ಬ ಅಜ್ಜ, ಮೊಮ್ಮಗಳ ಮುಖ ನೋಡೋಕೆ ಗೇಟ್ ಹತ್ರ ಕಾಯ್ತಾರೆ ನೋಡಿ" ಅಂದೆ. ರಾಗಿ ಅಳೆಯುತ್ತಿದ್ದವರು ತಲೆ ಎತ್ತಿ, "ಓ, ನಮ್ಮ ಬೀಗರು ಇರಬೇಕು" ಅಂದರು. ಮಷಿನ್ ಕೈಯಲ್ಲಿ ಹಾಗೇ ನಿಂತೆ. ಎರಡು ದಿನದಲ್ಲಿ ಮಾತು ಮಗನ ಮನೆ ಮುಟ್ಟಿತು. ಅಜ್ಜ ಒಂದು ತಿಂಗಳು ಡೇ ಕೇರ್‌ಗೆ ಬರಲಿಲ್ಲ. ನಾನೇ ಮೇಡಂ ಹತ್ತಿರ ಹೋಗಿ ಹೇಳಿಕೊಂಡೆ. ಬೈಯಲಿಲ್ಲ. ಅದನ್ನೂ ಜರ್ನಲ್‌ನಲ್ಲಿ ಬರೆಯಿರಿ ಅಂದರು, ಬರೆದೆ. ನಮ್ಮಂಥ ಊರಿನಲ್ಲಿ ಹೆಸರು ಮುಚ್ಚಿಟ್ಟರೆ ಗುಟ್ಟು ಮುಚ್ಚಿದ ಹಾಗಲ್ಲ. ಬೀದಿ, ಜಾತಿ, ಮೊಮ್ಮಗಳ ಶಾಲೆ, ಒಂದು ಸುಳಿವು ಸಾಕು. ನೀವು ಅಂಗಡಿ, ಶಾಲೆ, ಬಸ್ಸು, ಎಲ್ಲಿ ಹತ್ತು ಜನರ ನಡುವೆ ಕೆಲಸ ಮಾಡುವವರಾದರೂ ಫೀಲ್ಡ್‌ವರ್ಕ್ ಮಾತನ್ನು ಅಲ್ಲಿಗೆ ತರಬೇಡಿ. ಮನೆಯಲ್ಲೂ ಬೇಡ. ನಮ್ಮತ್ತೆ ಇವತ್ತಿಗೂ "ಅಲ್ಲಿ ಏನೇನಾಯ್ತೇ?" ಅಂತ ಕೇಳುತ್ತಾರೆ. "ಟೀ ಚೆನ್ನಾಗಿತ್ತು ಅತ್ತೆ" ಅಂತೀನಿ.

ಪರೀಕ್ಷೆಗೆ ಓದಿದ್ದಕ್ಕಿಂತ ಕೈ ಪಳಗಿಸಿದ್ದು ಜಾಸ್ತಿ ಉಪಯೋಗಕ್ಕೆ ಬಂತು. ನಾನು ಬರೆದ ಪತ್ರಿಕೆಗಳಲ್ಲಿ ಐದು ಪ್ರಶ್ನೆ, ಐದಕ್ಕೂ ಉತ್ತರಿಸಬೇಕು. ಮೊದಲ ಎರಡಕ್ಕೆ ತಲಾ 600 ಪದದವರೆಗೆ. ಆಮೇಲೆ 300 ಪದದ ಎರಡು, 150 ಪದದ ನಾಲ್ಕು, 100 ಪದದ ಐದು ಟಿಪ್ಪಣಿ. ಕೂಡಿದರೆ 2900 ಪದ, 3 ಗಂಟೆಯಲ್ಲಿ. ದಿನವಿಡೀ ಮಷಿನ್ ಒತ್ತುವ ಬೆರಳಿಗೆ ಪೆನ್ನು ಮರೆತೇ ಹೋಗಿತ್ತು. ಮೊದಲ ಪೇಪರಿನಲ್ಲಿ ಕೊನೆಯ ಟಿಪ್ಪಣಿಗಳನ್ನು ಮುಟ್ಟಲೂ ಆಗಲಿಲ್ಲ. ಆಮೇಲೆ ಪರೀಕ್ಷೆಗೆ ಆರು ವಾರ ಮುಂಚಿನಿಂದ ದಿನಾ ಅರ್ಧ ಗಂಟೆ, ಗಡಿಯಾರ ಇಟ್ಟುಕೊಂಡು, ಹಳೇ ಪ್ರಶ್ನೆಗೆ ಬರೆಯಲು ಶುರು ಮಾಡಿದೆ. ಹಾಲ್‌ನಲ್ಲಿ ಕೊನೆಯ ಸಣ್ಣ ಟಿಪ್ಪಣಿಗಳನ್ನು ಮೊದಲು ಬರೆದುಬಿಡುತ್ತಿದ್ದೆ. ಕೈ ಬಿಸಿಯಾಗುತ್ತೆ, ಅಂಕವೂ ಕೈಗೆ ಬರುತ್ತೆ. ರಜೆಯನ್ನು ವೇಳಾಪಟ್ಟಿ ಬಂದ ದಿನವೇ ಕೇಳಿಡಿ. ಒಂದು ಸಲಕ್ಕೆ ಮೂರು ಪೇಪರ್‌ಗಿಂತ ಹೆಚ್ಚು ಕಟ್ಟಬೇಡಿ ಅನ್ನುವುದು ನನ್ನ ಅಭಿಪ್ರಾಯ. ನಾನು ಐದು ಕಟ್ಟಿ ಎರಡನ್ನು ಬರೆಯದೇ ಬಂದಿದ್ದೇನೆ.

ಬೆಂಗಳೂರಿನಲ್ಲಿ ಭಾನುವಾರದ ಕ್ಲಾಸುಗಳು ಇದ್ದಾಗ ಬೆಳಗಿನ ರೈಲಿಗೆ ಹೋಗುತ್ತಿದ್ದೆ. ಎಲ್ಲದಕ್ಕೂ ಹೋಗಲಿಲ್ಲ. ಆದರೆ ಮೊದಲನೆಯದನ್ನು ಮಾತ್ರ ತಪ್ಪಿಸಬೇಡಿ. ಅಲ್ಲಿ ಪಾಠಕ್ಕಿಂತ ಜನ ಮುಖ್ಯ. ಒಬ್ಬರು ಅಂಗನವಾಡಿ ಟೀಚರ್, ಒಬ್ಬರು ಪೊಲೀಸ್, ಒಬ್ಬರು ರಿಟೈರ್ಡ್ ಮೇಷ್ಟ್ರು ಸಿಕ್ಕಿದರು. ನಾವು ನಾಲ್ವರು ಸೇರಿ ಒಂದು ಗುಂಪು ಮಾಡಿಕೊಂಡೆವು. ದಿನಾಂಕ, ನೋಟಿಸು ಯಾರ ಕಣ್ಣಿಗೆ ಬಿದ್ದರೂ ಹಾಕುವುದು. ಗುಡ್ ಮಾರ್ನಿಂಗ್ ಹಾಕಿದವರಿಗೆ ಹತ್ತು ರೂಪಾಯಿ ದಂಡ. ಮೇಷ್ಟ್ರು ಒಟ್ಟು 340 ಕಟ್ಟಿದ್ದಾರೆ.

ಕೆಲಸ ಬದಲಾಯ್ತಾ ಅಂತ ಕೇಳುತ್ತೀರಿ. ಇನ್ನೂ ಇಲ್ಲ. ಎರಡು ಕಡೆ ಅರ್ಜಿ ಹಾಕಿದ್ದೇನೆ. ಒಂದರಲ್ಲಿ ಸಂಬಳ ನನ್ನ ಕಮಿಷನ್‌ಗಿಂತ ಕಡಿಮೆ, ಮಗಳ ಪಿಯುಸಿ ಮುಗಿಯುವವರೆಗೆ ಆಗಲ್ಲ ಅಂದೆ. ಗುರುವಾರದ ಬೆಳಗಿನ ಲೈನನ್ನು ಮಾತ್ರ ಈಗಲೂ ಆ ಕಲೆಕ್ಟರೇ ಮಾಡುತ್ತಾರೆ. ನಾನು ಡೇ ಕೇರ್‌ಗೆ ಹೋಗುತ್ತೇನೆ. ಅಜ್ಜ ಬರುತ್ತಾರೆ. ಹನ್ನೆರಡೂವರೆಗೆ ಗೇಟು ತೆಗೆದಿಡುವ ಕೆಲಸ ನನ್ನದು.