ಬಾಟಲಿಯ ಹಿಂಬದಿ ಓದಿ ಬೂತಾಯಿ ತಂದೆ

ಮೀನೆಣ್ಣೆ ಕ್ಯಾಪ್ಸೂಲ್ ಕೊಳ್ಳುವವರು ಬಾಟಲಿಯ ಮುಂದೆ ದೊಡ್ಡದಾಗಿ ಬರೆದ 1000 ಮಿಲಿಗ್ರಾಂ ನೋಡಿ ಖುಷಿಪಡುತ್ತಾರೆ. ಅದು ಎಣ್ಣೆಯ ತೂಕ, ಅದರೊಳಗೆ ನಮಗೆ ಬೇಕಾದ ಒಮೇಗಾ-3 ಕೊಬ್ಬಿನ ತೂಕ ಅಲ್ಲ. ಹಿಂದೆ ಸಣ್ಣ ಅಕ್ಷರದಲ್ಲಿ ಮೀನಿನಲ್ಲಿ ಸಿಗುವ ಎರಡು ಬಗೆಯ ಒಮೇಗಾ-3, ಅಂದರೆ ಇಪಿಎ ಎಷ್ಟು, ಡಿಎಚ್‌ಎ ಎಷ್ಟು ಅಂತ ಇರುತ್ತದೆ. ಸಾಮಾನ್ಯ ಕ್ಯಾಪ್ಸೂಲಿನಲ್ಲಿ 180 ಮತ್ತು 120. ಕೂಡಿಸಿದರೆ 300. ಉಳಿದದ್ದು ಬೇರೆ ಕೊಬ್ಬು.

ನನಗೆ ಈ ಲೆಕ್ಕ ಬೇಕಾಗಿದ್ದು ರಕ್ತದಲ್ಲಿನ ಕೊಬ್ಬು, ಅಂದರೆ ಟ್ರೈಗ್ಲಿಸರೈಡ್ ಏರಿದಾಗ. 150ರ ಒಳಗಿರಬೇಕಾದದ್ದು 280 ಬಂದಿತ್ತು. ವೈದ್ಯರು ಮಾತ್ರೆ ಬರೆಯಲಿಲ್ಲ. ಸಿಹಿ, ಅನ್ನ, ಬಿಯರ್ ಇಳಿಸಿ, ದಿನಾ ನಡೆಯಿರಿ, ವಾರಕ್ಕೆ ಎರಡು ಸಲ ಎಣ್ಣೆಯಂಶದ ಮೀನು ತಿನ್ನಿ ಎಂದರು. "ಕ್ಯಾಪ್ಸೂಲ್ ತಗೊಳ್ಲಾ ಡಾಕ್ಟ್ರೇ?" ಎಂದು ಕೇಳಿದೆ. "ಮಲ್ಪೆ ಕಡೆಯವರಿಗೆ ಅದ್ಯಾಕ್ರೀ?" ಎಂದು ನಕ್ಕರು.

ಉಡುಪಿಯ ಮೀನು ಬಂದರು ಮಲ್ಪೆಯವನಾದರೂ ಬೆಂಗಳೂರಿಗೆ ಬಂದ ಮೇಲೆ ನಾನು ತಿನ್ನುತ್ತಿದ್ದದ್ದು ಅಂಜಲ್ (ಸೀರ್ ಮೀನು) ಫ್ರೈ. ನೆಂಟರ ಮುಂದೆ ಇಡಲು ಅದೇ ಚಂದ, ಬೆಲೆಯೂ ಹಾಗೇ. ಆದರೆ ಒಮೇಗಾ-3 ಬೇಕಿದ್ದರೆ ಬೂತಾಯಿಗೆ (ಸಾರ್ಡೀನ್) ಹೋಗಬೇಕು, ಆಮೇಲೆ ಬಂಗುಡೆಗೆ (ಮ್ಯಾಕೆರೆಲ್). ಈ ಕೊಬ್ಬನ್ನು ಮೂಲದಲ್ಲಿ ತಯಾರಿಸುವುದು ಸಮುದ್ರದ ಸೂಕ್ಷ್ಮ ಪಾಚಿ. ಅದನ್ನು ನೇರವಾಗಿ ತಿಂದು ಬೂತಾಯಿ ಕೊಬ್ಬುತ್ತದೆ. ಮಳೆಗಾಲ ಕಳೆದ ಮೇಲಂತೂ ಬೇಯಿಸಿದರೆ ಸಾರಿನ ಮೇಲೆ ಎಣ್ಣೆ ತೇಲುತ್ತದೆ. ಅಂಥ ಮೀನು 100 ಗ್ರಾಂ ತಿಂದರೆ ಸುಮಾರು ಒಂದು ಗ್ರಾಂ ಇಪಿಎ, ಡಿಎಚ್‌ಎ ಸಿಗುತ್ತದೆ, ಕೆಲವೊಮ್ಮೆ ಜಾಸ್ತಿಯೇ. ಅಂದರೆ ಕನಿಷ್ಠ ಮೂರು ಕ್ಯಾಪ್ಸೂಲ್, ಜೊತೆಗೆ ಪ್ರೋಟೀನು. ಮುಳ್ಳು ಜಗಿದು ತಿಂದರೆ ಕ್ಯಾಲ್ಸಿಯಂ ಕೂಡ.

ಶಿವಾಜಿನಗರದ ರಸೆಲ್ ಮಾರ್ಕೆಟ್‌ಗೆ ಬೆಳಿಗ್ಗೆ ಬೇಗ ಹೋಗುತ್ತೇನೆ. ಕಣ್ಣು, ಕಿವಿರು ನೋಡುವುದು ಎಲ್ಲರಿಗೂ ಗೊತ್ತು. ಬೂತಾಯಿಯಲ್ಲಿ ಹೊಟ್ಟೆ ನೋಡಬೇಕು. ಹಳೆಯದಾದರೆ ಮೊದಲು ಒಡೆಯುವುದು ಹೊಟ್ಟೆಯೇ. ಒಡೆದಿದ್ದರೆ ಎಷ್ಟು ಅಗ್ಗವಾದರೂ ತರುವುದಿಲ್ಲ. ತಂದದ್ದನ್ನು ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಇಡುವುದೂ ಇಲ್ಲ. ಎಣ್ಣೆ ಜಾಸ್ತಿ ಇರುವ ಮೀನು ತಣ್ಣಗಿದ್ದರೂ ಕಮಟು ಹಿಡಿಯುತ್ತದೆ.

ಮಾಡುವುದು ಪುಳಿಮುಂಚಿ. ಹುರಿದ ಒಣಮೆಣಸು, ಕೊತ್ತಂಬರಿ, ಜೀರಿಗೆ, ನಾಲ್ಕು ಕಾಳು ಮೆಂತೆ, ಬೆಳ್ಳುಳ್ಳಿ, ಚೆನ್ನಾಗಿ ಹುಣಸೆಹುಳಿ. ಮಣ್ಣಿನ ಪಾತ್ರೆಯಲ್ಲಿ ಮಸಾಲೆ ಕುದಿ ಬಂದ ಮೇಲೆ ಮೀನು ಹಾಕಿ, ಸೌಟು ಆಡಿಸದೆ ಪಾತ್ರೆಯನ್ನೇ ಅಲ್ಲಾಡಿಸಬೇಕು. ಮೀನಿನ ಎಣ್ಣೆ ಎಲ್ಲಿಗೂ ಹೋಗದೆ ಸಾರಿನಲ್ಲೇ ಉಳಿಯುತ್ತದೆ. ಫ್ರೈ ಮಾಡಿದರೆ ಮೀನಿನ ಎಣ್ಣೆ ಸ್ವಲ್ಪ ಬಾಣಲೆಗೆ ಇಳಿದು, ಬಾಣಲೆಯ ಎಣ್ಣೆ ಮೀನಿಗೆ ಏರುತ್ತದೆ. ನಮ್ಮಲ್ಲಿ ಬಾಣಲೆಯಲ್ಲಿ ಇರುವುದು ಹೆಚ್ಚಾಗಿ ಸೂರ್ಯಕಾಂತಿ ಎಣ್ಣೆ. ಅದರ ತುಂಬಾ ಒಮೇಗಾ-6, ಒಮೇಗಾ-3 ಇಲ್ಲವೆಂದೇ ಹೇಳಬೇಕು. ಒಮೇಗಾ-6 ವಿಷ ಅಂತ ಕೆಲವರು ಹೆದರಿಸುತ್ತಾರೆ, ಹಾಗೇನಿಲ್ಲ, ಅದೂ ದೇಹಕ್ಕೆ ಬೇಕು. ನಮಗೆ ಕೊರತೆ ಇರುವುದು ಇನ್ನೊಂದರದ್ದು, ಅಷ್ಟೇ.

ಹೆಂಡತಿ ಗದಗಿನವಳು, ಮೀನು ಮುಟ್ಟುವುದಿಲ್ಲ. "ನಿಮ್ಮ ಮೀನ ನೀವ ತಿನ್ರಿ, ನನಗ ಅಗಸಿ ಹಿಂಡಿ ಸಾಕು" ಎನ್ನುತ್ತಾಳೆ. ಹಿಂಡಿ ಅಂದರೆ ಅಗಸೆ ಬೀಜದ ಚಟ್ನಿಪುಡಿ. ಅವಳ ಮಾತು ಅರ್ಧ ಸರಿ. ಅಗಸೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಭಾಗ ಎಎಲ್‌ಎ ಎಂಬ ಒಮೇಗಾ-3. ಒಂದು ದೊಡ್ಡ ಚಮಚ ಪುಡಿಯಲ್ಲಿ ಸುಮಾರು ಒಂದೂವರೆ ಗ್ರಾಂ, ಹೆಂಗಸರಿಗೆ ದಿನಕ್ಕೆ ಬೇಕಾದದ್ದಕ್ಕಿಂತ ಜಾಸ್ತಿಯೇ. ಆದರೆ ದೇಹ ಅದರಲ್ಲಿ ಸ್ವಲ್ಪವನ್ನೇ ಇಪಿಎ ಮಾಡಿಕೊಳ್ಳುತ್ತದೆ, ಡಿಎಚ್‌ಎ ಅಂತೂ ತೀರಾ ಕಡಿಮೆ. ಬೇಕೆಂದರೆ ಪಾಚಿಯಿಂದ ತೆಗೆದ ಎಣ್ಣೆಯ ಕ್ಯಾಪ್ಸೂಲ್ ಸಿಗುತ್ತದೆ, ಅದರಲ್ಲಿ ಮೀನಿಲ್ಲ. ಅವಳು ಅದನ್ನೂ ಒಲ್ಲೆ ಎಂದಳು. ಇಡೀ ಕಾಳು ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ, ಹಾಗಾಗಿ ಸಣ್ಣ ಉರಿಯಲ್ಲಿ ಹುರಿದು, ವಾರಕ್ಕಾಗುವಷ್ಟೇ ಪುಡಿ ಮಾಡಿ ಫ್ರಿಜ್‌ನಲ್ಲಿ ಇಡುತ್ತಾಳೆ. ಮೀನು ಇಲ್ಲದ ದಿನ ನಾನೂ ರೊಟ್ಟಿ, ಮೊಸರಿನ ಜೊತೆ ಹಿಂಡಿ ತಿನ್ನುತ್ತೇನೆ.

ಮುಂದಿನ ಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್ 150ರ ಹತ್ತಿರ ಬಂತು. ಎಲ್ಲಾ ಬೂತಾಯಿಯ ಮಹಿಮೆ ಅಂತ ಊರಿನವರು ಅಂದುಕೊಂಡರು. ಬಿಯರ್ ಬಿಟ್ಟದ್ದು, ಅನ್ನ ಇಳಿಸಿದ್ದು, ನಡೆದದ್ದು ಇದೆಯಲ್ಲ, ಅದರ ಪಾಲೇ ದೊಡ್ಡದು ಎಂದು ನನ್ನ ಅಂದಾಜು. ಕ್ಯಾಪ್ಸೂಲ್ ಬಗ್ಗೆಯೂ ಅಷ್ಟೇ. ಅಮೆರಿಕದಲ್ಲಿ 25 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ವೈಟಲ್ ಅಧ್ಯಯನದ ಫಲಿತಾಂಶ 2018ರಲ್ಲಿ ಬಂತು. ದಿನಕ್ಕೊಂದು ಗ್ರಾಂ ಮೀನೆಣ್ಣೆ ಕ್ಯಾಪ್ಸೂಲಿನಿಂದ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಒಟ್ಟಾರೆ ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ಟ್ರೈಗ್ಲಿಸರೈಡ್ ತುಂಬಾ ಏರಿದವರಿಗೆ ವೈದ್ಯರು ಬರೆಯುವ ದಿನಕ್ಕೆ 4 ಗ್ರಾಂ ಒಮೇಗಾ-3 ಔಷಧದ ಕಥೆ ಬೇರೆ. ಅಷ್ಟು ಪ್ರಮಾಣಕ್ಕೆ ಎದೆಬಡಿತ ಏರುಪೇರಾಗುವ ಅಪಾಯ ಸ್ವಲ್ಪ ಹೆಚ್ಚು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಂತೂ ಕೇಳದೆ ಶುರು ಮಾಡಬೇಡಿ.

ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ. ಆಗ ಒಳ್ಳೆಯ ಬೂತಾಯಿ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಒಣಮೀನಿನಲ್ಲಿ ಉಪ್ಪು ಜಾಸ್ತಿ, ನನ್ನ ಬಿಪಿಗೆ ಆಗದು. ಆ ಎರಡು ತಿಂಗಳು ಬೇಕಿದ್ದರೆ ಕ್ಯಾಪ್ಸೂಲ್ ತರುತ್ತೇನೆ, ಚಿಕ್ಕ ಬಾಟಲಿ. ತಂದ ದಿನವೇ ಒಂದನ್ನು ಕತ್ತರಿಸಿ ಮೂಸುತ್ತೇನೆ. ಸಣ್ಣಗೆ ಮೀನಿನ ವಾಸನೆ ಬಂದರೆ ಸರಿ, ಹಳೇ ಬಣ್ಣದ ಡಬ್ಬಿಯಂತೆ ಕಮಟು ಹೊಡೆದರೆ ಅಂಗಡಿಗೆ ವಾಪಸ್.