ಕಿವಿ ದಣಿಯದಂತೆ ಸಂಗೀತ ಕೇಳಲು ಟ್ಯೂಬ್ ಆಂಪ್ಲಿಫೈಯರೋ, ಹೈಬ್ರಿಡ್ಡೋ?

ಒಂದೆರಡು ಗಂಟೆ ಸಂಗೀತ ಕೇಳುವಷ್ಟರಲ್ಲಿ ವಾಲ್ಯೂಮ್ ತಗ್ಗಿಸಬೇಕೆನಿಸುವುದು, ಹಾಡು ಚೆನ್ನಾಗಿದ್ದರೂ ಕಿವಿ ಸಾಕೆನ್ನುವುದು, ಇದಕ್ಕೆ ಆಂಪ್ಲಿಫೈಯರ್ ಒಂದೇ ಕಾರಣವಾಗಿರುವುದು ಅಪರೂಪ. ನೆಲಕ್ಕೆ ನುಣುಪಾದ ಟೈಲ್ಸ್ ಹಾಕಿಸಿ, ಬರಿಗೋಡೆಗೆ ದೊಡ್ಡ ಗಾಜಿನ ಕಿಟಕಿ ಇಟ್ಟ ನಮ್ಮ ಇಂದಿನ ಹಾಲ್‌ಗಳಲ್ಲಿ ಎತ್ತರದ ಸ್ವರಗಳು ಪ್ರತಿಫಲಿಸಿ ಕಿವಿಗೆ ಚುಚ್ಚುತ್ತವೆ. ಆದ್ದರಿಂದ ಮೊದಲು ಸ್ಪೀಕರ್‌ಗಳ ಮುಂದೆ ದಪ್ಪ ಜಮಖಾನ ಹಾಸಿ, ಕಿಟಕಿಗೆ ಭಾರದ ಪರದೆ ಇಳಿಬಿಟ್ಟು, ಒಂದು ವಾರ ಕೇಳಿ ನೋಡಬೇಕು. ಆಮೇಲೂ ದಣಿವು ಉಳಿದರೆ ಆಂಪ್ಲಿಫೈಯರಿನ ವಿಚಾರಕ್ಕೆ ಬರಬಹುದು.

ಟ್ಯೂಬ್ ಎಂದರೆ ಹಳೆಯ ರೇಡಿಯೊಗಳಲ್ಲಿದ್ದಂತಹ ಗಾಜಿನ ವಾಲ್ವ್. ಪೂರ್ಣ ಟ್ಯೂಬ್ ಆಂಪ್ಲಿಫೈಯರಿನಲ್ಲಿ ಸ್ಪೀಕರನ್ನು ನಡೆಸುವ ಕೊನೆಯ ಹಂತವೂ ಇಎಲ್34, ಕೆಟಿ88, 300ಬಿ ಮುಂತಾದ ಟ್ಯೂಬ್‌ಗಳದ್ದೇ ಆಗಿದ್ದು, ಅವುಗಳಿಗೂ ಸ್ಪೀಕರಿಗೂ ನಡುವೆ ಟ್ಯೂಬಿನ ಹೆಚ್ಚಿನ ವೋಲ್ಟೇಜನ್ನು ಸ್ಪೀಕರಿಗೆ ಹೊಂದುವಂತೆ ಇಳಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಹೈಬ್ರಿಡ್‌ನಲ್ಲಿ ಸಾಮಾನ್ಯವಾಗಿ ಮುಂಭಾಗದಲ್ಲಿ ಮಾತ್ರ ಇಸಿಸಿ83 ಅಥವಾ ಇಸಿಸಿ88ರಂತಹ ಚಿಕ್ಕ ಟ್ಯೂಬ್ ಇದ್ದು, ಶಕ್ತಿ ಒದಗಿಸುವ ಕೆಲಸವನ್ನು ಟ್ರಾನ್ಸಿಸ್ಟರ್ ಇಲ್ಲವೇ ಅದರದೇ ಒಂದು ಬಗೆಯಾದ ಮಾಸ್‌ಫೆಟ್ ಮಾಡುತ್ತದೆ. ಟ್ಯೂಬಿನ ಮೃದುತ್ವ ಎಂದು ನಾವು ಹೊಗಳುವ ಗುಣದಲ್ಲಿ ದೊಡ್ಡ ಪಾಲು ಆ ಕೊನೆಯ ಹಂತದಿಂದಲೂ ಟ್ರಾನ್ಸ್‌ಫಾರ್ಮರಿನಿಂದಲೂ ಬರುವಂಥದ್ದು. ಹೈಬ್ರಿಡ್‌ಗೆ ದಕ್ಕುವುದು ಅದರ ಒಂದಂಶ ಮಾತ್ರ. ಟ್ಯೂಬಿನ ಅಡಿಯಲ್ಲಿ ಕಿತ್ತಳೆ ಬಣ್ಣದ ಎಲ್‌ಇಡಿ ಹೊತ್ತಿಸಿ ಮಾರುವ ಅಗ್ಗದ ಹೈಬ್ರಿಡ್‌ಗಳಲ್ಲಂತೂ ಟ್ಯೂಬ್ ಬಹುಪಾಲು ಅಲಂಕಾರವೇ ಸರಿ.

ಆಯ್ಕೆಯನ್ನು ನಿಜವಾಗಿ ತೀರ್ಮಾನಿಸುವುದು ನಿಮ್ಮ ಬಳಿ ಇರುವ ಸ್ಪೀಕರ್. ಅದರ ಕೈಪಿಡಿಯಲ್ಲಿ ಸೆನ್ಸಿಟಿವಿಟಿ ಎಷ್ಟೆಂದು ನೋಡಿ. 86 ಡೆಸಿಬಲ್ ಎಂದಿದ್ದರೆ, 1 ವ್ಯಾಟ್ ಶಕ್ತಿ ಕೊಟ್ಟಾಗ 1 ಮೀಟರ್ ದೂರದಲ್ಲಿ ಅಷ್ಟು ಶಬ್ದ ಬರುತ್ತದೆ ಎಂದರ್ಥ. ಮನೆಯಲ್ಲಿ ಹಾಯಾಗಿ ಕೇಳುವ ಸರಾಸರಿ ಮಟ್ಟವನ್ನು 75 ಡೆಸಿಬಲ್ ಎಂದೂ, ಕುಳಿತ ಜಾಗಕ್ಕೆ ಬರುವಷ್ಟರಲ್ಲಿ 6 ಡೆಸಿಬಲ್ ಕಳೆಯುತ್ತದೆಂದೂ, ಮೃದಂಗದ ಬಲವಾದ ಪೆಟ್ಟು ಸರಾಸರಿಗಿಂತ 18 ಡೆಸಿಬಲ್ ಮೇಲೇರುತ್ತದೆಂದೂ ಇಟ್ಟುಕೊಂಡರೆ, ಆ ಪೆಟ್ಟಿಗೆ ಸ್ಪೀಕರಿನ ಬಳಿ 99 ಡೆಸಿಬಲ್ ಬೇಕು. 86ಕ್ಕಿಂತ 13 ಡೆಸಿಬಲ್ ಹೆಚ್ಚೆಂದರೆ ಶಕ್ತಿ ಸುಮಾರು 20 ಪಟ್ಟು, ಅಂದರೆ 20 ವ್ಯಾಟ್; ಎರಡು ಸ್ಪೀಕರ್‌ಗಳು ಹಂಚಿಕೊಂಡರೂ ತಲಾ 10 ವ್ಯಾಟ್ ಆಯಿತು. ಸ್ಪೀಕರ್ 92 ಡೆಸಿಬಲ್‌ನದಾದರೆ ತಲಾ ಎರಡೂವರೆ ವ್ಯಾಟ್ ಸಾಕು. ಹೀಗಾಗಿ ಸುಮಾರು 8 ವ್ಯಾಟ್ ಕೊಡುವ ಒಂಟಿ 300ಬಿ ಆಂಪ್ಲಿಫೈಯರ್ ಎರಡನೆಯ ಸ್ಪೀಕರಿನೊಡನೆ ನಿರಾಳವಾಗಿ ಹಾಡುತ್ತದೆ, ಮೊದಲನೆಯದರೊಡನೆ ಪ್ರತಿ ಪೆಟ್ಟಿಗೂ ಏದುಸಿರು ಬಿಡುತ್ತದೆ. ಟ್ಯೂಬ್‌ಗಳು ಮಿತಿ ಮೀರಿದಾಗಲೂ ಟ್ರಾನ್ಸಿಸ್ಟರಿನಷ್ಟು ಕರ್ಕಶವಾಗುವುದಿಲ್ಲ ಎಂಬುದು ನಿಜವಾದರೂ, ಗಂಟೆಗಟ್ಟಲೆ ಹೀಗೆ ಒದ್ದಾಡುವ ನಾದವೂ ದಣಿಸುತ್ತದೆ.

ಇನ್ನೊಂದು ಲೆಕ್ಕ ಔಟ್‌ಪುಟ್ ಇಂಪೀಡೆನ್ಸಿನದು. ಇಂಪೀಡೆನ್ಸ್ ಎಂದರೆ ವಿದ್ಯುತ್ ಹರಿವಿಗೆ ಒಡ್ಡುವ ತಡೆ; ಔಟ್‌ಪುಟ್ ಇಂಪೀಡೆನ್ಸ್ ಎಂದರೆ ಆಂಪ್ಲಿಫೈಯರಿನದೇ ಒಳತಡೆ. ಟ್ಯೂಬ್ ಆಂಪ್ಲಿಫೈಯರಿನಲ್ಲಿ ಇದು 2 ಓಮ್ ಇದ್ದು, ಸ್ಪೀಕರಿನ ಇಂಪೀಡೆನ್ಸ್ ಒಂದು ಸ್ವರಕ್ಕೆ 4 ಓಮ್‌ಗೆ ಇಳಿದು ಇನ್ನೊಂದು ಸ್ವರಕ್ಕೆ 20 ಓಮ್‌ಗೆ ಏರುವಂತಿದ್ದರೆ, ಈ ಎರಡು ಸ್ವರಗಳ ನಡುವೆ ಸುಮಾರು 2.7 ಡೆಸಿಬಲ್ ಅಂತರ ಬಿದ್ದು, ಸ್ಪೀಕರಿನ ಸ್ವರಸಮತೋಲವೇ ಬದಲಾಗುತ್ತದೆ. ಅದೃಷ್ಟವಿದ್ದರೆ ಈ ಬದಲಾವಣೆಯೇ ಕಿವಿಗೆ ಹಿತವಾಗಬಹುದು, ಇಲ್ಲದಿದ್ದರೆ ಚುಚ್ಚುವ ಭಾಗವೇ ಎದ್ದು ನಿಲ್ಲಬಹುದು. 0.1 ಓಮ್‌ನ ಹೈಬ್ರಿಡ್‌ನಲ್ಲಿ ಈ ಅಂತರ 0.2 ಡೆಸಿಬಲ್‌ನಷ್ಟೂ ಆಗುವುದಿಲ್ಲ. ಸ್ಪೀಕರ್ 86 ಡೆಸಿಬಲ್‌ನ ಆಸುಪಾಸಿನಲ್ಲಿದ್ದು ಇಂಪೀಡೆನ್ಸ್ ಏರಿಳಿಯುವಂಥದ್ದಾದರೆ ಹೈಬ್ರಿಡ್ ಸರಿ. 92ರ ಮೇಲಿದ್ದು ಇಂಪೀಡೆನ್ಸ್ ಸಮತಟ್ಟಾಗಿದ್ದರೆ ಟ್ಯೂಬಿಗೆ ಹಣ ಹಾಕಬಹುದು ಎಂಬುದು ನನ್ನ ನಿಲುವು.

ಮನೆಯಲ್ಲಿ ಇಟ್ಟುಕೊಳ್ಳುವ ಖರ್ಚೂ ಇದೆ. ಇಎಲ್34 ಟ್ಯೂಬಿನ ಹೀಟರ್, ಅಂದರೆ ಒಳಗೆ ಅದನ್ನು ಕಾಯಿಸುವ ತಂತಿ, 6.3 ವೋಲ್ಟ್‌ನಲ್ಲಿ 1.5 ಆಂಪಿಯರ್ ಎಳೆಯುತ್ತದೆ. ನಾಲ್ಕು ಟ್ಯೂಬ್‌ಗಳ ಹೀಟರ್‌ಗಳೇ ಸುಮಾರು 38 ವ್ಯಾಟ್ ಬಿಸಿ ಕಾರುತ್ತವೆ, ಉಳಿದದ್ದು ಬೇರೆ. ಏಪ್ರಿಲ್ ತಿಂಗಳಿನಲ್ಲಿ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಫ್ಯಾನ್ ಹಾಕಿಕೊಂಡೇ ಹಾಡು ಕೇಳುವವರು ಇದನ್ನು ಗಣನೆಗೆ ತೆಗೆದುಕೊಳ್ಳಬೇಕು. ಪವರ್ ಟ್ಯೂಬ್‌ಗಳು ಸಾಮಾನ್ಯವಾಗಿ 2,000ದಿಂದ 5,000 ಗಂಟೆ ಬಾಳುತ್ತವೆ, ಅಂದರೆ ದಿನಕ್ಕೆ ಮೂರು ಗಂಟೆಯಂತೆ ಎರಡರಿಂದ ನಾಲ್ಕೂವರೆ ವರ್ಷ. ಹೈಬ್ರಿಡ್‌ನ ಚಿಕ್ಕ ಟ್ಯೂಬ್ ಅದಕ್ಕಿಂತ ಬಹಳ ಹೆಚ್ಚು ಕಾಲ ಬರುತ್ತದೆ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿಯೇ ರೇಡಿಯೊ ವಾಲ್ವ್‌ಗಳ ತಯಾರಿಕೆ ಆರಂಭಿಸಿತ್ತಾದರೂ, ಇಂದು ಹೊಸ ಪವರ್ ಟ್ಯೂಬ್‌ಗಳು ಬಹುಮಟ್ಟಿಗೆ ಚೀನಾ, ರಷ್ಯಾ, ಸ್ಲೊವಾಕಿಯಾಗಳಿಂದಲೇ ಬರಬೇಕು. ಜೋಡಿ ಹೊಂದಿಸಿದ ಟ್ಯೂಬ್‌ಗಳ ಬೆಲೆಯನ್ನು ಆಂಪ್ಲಿಫೈಯರ್ ಕೊಳ್ಳುವ ಮೊದಲೇ ವಿಚಾರಿಸಿಟ್ಟುಕೊಳ್ಳಿ. ಬಯಸ್, ಅಂದರೆ ಹಾಡಿಲ್ಲದಾಗಲೂ ಟ್ಯೂಬಿನಲ್ಲಿ ಹರಿಯುವ ವಿದ್ಯುತ್ತಿನ ಮಟ್ಟ, ಹೊಂದಿಸುವುದು ಹೇಗೆಂದೂ ಕೇಳಿಕೊಳ್ಳಿ. ಸ್ಪೀಕರ್ ಜೋಡಿಸದೆ ಟ್ಯೂಬ್ ಆಂಪ್ಲಿಫೈಯರಿಗೆ ಸಂಗೀತ ಹರಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ಒಳಗೆ 400 ವೋಲ್ಟ್‌ನಷ್ಟು ವಿದ್ಯುತ್ ಇರುತ್ತದೆ, ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದಿರಬಹುದು. ಆದ್ದರಿಂದ ತಳದ ಮುಚ್ಚಳ ತೆಗೆಯುವ ಕೆಲಸ ಬಲ್ಲವರಿಗೇ ಇರಲಿ.

ಪರೀಕ್ಷೆಯನ್ನು ಅಂಗಡಿಯಲ್ಲಿ ಹತ್ತು ನಿಮಿಷ ಮಾಡಿದರೆ ದಣಿವಿನ ಸುಳಿವೇ ಸಿಗದು. ಎರಡನ್ನೂ ಮನೆಗೆ ತರಿಸಿ, ಅರ್ಧ ಗಂಟೆ ಬಿಸಿಯಾಗಲು ಬಿಟ್ಟು, ಎರಡರ ಶಬ್ದಮಟ್ಟವನ್ನು ಮೀಟರಿನಿಂದ ಸಮ ಮಾಡಿ ಕೇಳಿ; ಕೊಂಚ ಜೋರಾಗಿರುವುದೇ ಉತ್ತಮವೆಂದು ಕಿವಿ ಸುಲಭವಾಗಿ ಮೋಸಹೋಗುತ್ತದೆ. ತಂಬೂರಿಯ ಶ್ರುತಿ ಸ್ಪಷ್ಟವಾಗಿ ಕೇಳುವ ಒಂದು ಕಛೇರಿಯ ಧ್ವನಿಮುದ್ರಣ ಹಾಕಿ, ಮೃದಂಗದ ಎಡಭಾಗದ ಪೆಟ್ಟು ಬಿದ್ದ ಕ್ಷಣದಲ್ಲಿ ಹಿಂದಿನ ಶ್ರುತಿಯ ಕಡೆಗೆ ಗಮನವಿಡಿ. ಅದು ಮಸುಕಾದರೆ ಆಂಪ್ಲಿಫೈಯರಿಗೆ ಶಕ್ತಿ ಸಾಲುತ್ತಿಲ್ಲ ಅಥವಾ ಬಯಸ್ ತಪ್ಪಿದೆ ಎಂಬ ಅನುಮಾನ ಪಡಬಹುದು. ಪಿಟೀಲು ತಾರಸ್ಥಾಯಿಗೆ ಏರಿದಾಗ ಹಲ್ಲು ಕಚ್ಚುವಂತಾಗುತ್ತದೆಯೇ ಎಂಬುದನ್ನೂ ನೋಡಿ. ಒಂದೊಂದರೊಡನೆಯೂ ಒಂದು ಸಂಜೆ ಪೂರ್ತಿ ಕಳೆದ ಮೇಲೆ ವ್ಯತ್ಯಾಸವೇ ತೋರದಿದ್ದರೆ ಹೈಬ್ರಿಡ್ ಇಟ್ಟುಕೊಂಡು, ಉಳಿದ ಹಣದಲ್ಲಿ ಮೇಲಿನ ಸ್ವರಗಳಲ್ಲಿ ಇನ್ನೂ ಸೌಮ್ಯವಾಗಿರುವ ಸ್ಪೀಕರ್ ಹುಡುಕುವುದು ಲೇಸು.