ಡ್ರಂಕ್ ಅಂಡ್ ಡ್ರೈವ್ ಸೆಕ್ಷನ್ ಓದುವುದು ಹೇಗೆ?

"ನನಗೆ ಅಮಲೇ ಏರಿರಲಿಲ್ಲ, ಗಾಡಿ ನೆಟ್ಟಗೇ ಓಡಿಸ್ತಿದ್ದೆ" ಅನ್ನುವ ವಾದ ಎಲ್ಲ ಕಡೆ ನಡೆಯುವುದಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ದಂಡ ಎಷ್ಟು ಅಂತ ಹುಡುಕುವುದನ್ನು ಬಿಡಿ. ಅಪರಾಧ ಯಾವುದು ಅಂತ ಹೇಳುವ ಸೆಕ್ಷನ್ ತೆಗೆದು ನಿಧಾನವಾಗಿ ಓದಿ. ಒಂದೇ ವಾಕ್ಯದೊಳಗೆ ಮೂರ್ನಾಲ್ಕು ಷರತ್ತು ಅಡಗಿರುತ್ತವೆ, ಒಂದು ಬಿದ್ದುಹೋದರೂ ಕೇಸ್ ನಿಲ್ಲುವುದು ಕಷ್ಟ.

ಮೊದಲು ನೋಡಬೇಕಾದ್ದು, ಓಡಿಸಿದರೆ ಮಾತ್ರ ತಪ್ಪಾ? ಭಾರತದ ಮೋಟಾರು ವಾಹನ ಕಾಯ್ದೆ, 1988ರ 185ನೇ ಸೆಕ್ಷನ್ ಓಡಿಸುವುದನ್ನೂ ಓಡಿಸಲು ಯತ್ನಿಸುವುದನ್ನೂ ಹಿಡಿಯುತ್ತದೆ. ಬ್ರಿಟನ್ ಇನ್ನೂ ಮುಂದೆ ಹೋಗಿ, ಗಾಡಿ ನಿಮ್ಮ ಸುಪರ್ದಿಯಲ್ಲಿದ್ದರೂ ಸಾಕು ಅನ್ನುತ್ತದೆ. ಅಂದರೆ ಕೀ ಜೇಬಲ್ಲಿಟ್ಟುಕೊಂಡು ನಿಂತ ಕಾರಿನ ಹಿಂದಿನ ಸೀಟಲ್ಲಿ ಸುಮ್ನೆ ಮಲಗಿದ್ದವರ ಮೇಲೂ ಕೇಸ್ ಆಗಬಹುದು. ಅಮಲು ಇಳಿಯುವ ತನಕ ಓಡಿಸುವ ಸಂಭವವೇ ಇರಲಿಲ್ಲ ಅಂತ ಅವರು ತೋರಿಸಿಕೊಟ್ಟರೆ ಪಾರು.

ಆಮೇಲೆ ಬರುವುದು ಮುಖ್ಯವಾದ ಭಾಗ. ಕಾನೂನು ಅಂಕಿ (ರಕ್ತದಲ್ಲಿ ಮದ್ಯ ಎಷ್ಟಿದೆ) ಕೇಳುತ್ತಿದೆಯಾ, ಸ್ಥಿತಿ (ಓಡಿಸಲು ಆಗದಷ್ಟು ಅಮಲು ಏರಿದೆಯಾ) ಕೇಳುತ್ತಿದೆಯಾ? ಅಂಕಿ ಕೇಳಿದರೆ ಗಾಡಿ ಹೇಗೆ ಓಡಿಸಿದಿರಿ ಅನ್ನುವ ಪ್ರಶ್ನೆಯೇ ಏಳುವುದಿಲ್ಲ, ಮಿತಿ ದಾಟಿದರೆ ಮುಗೀತು. ಈ ದಾರಿ ಮೊದಲು ಹಿಡಿದದ್ದು ನಾರ್ವೆ, 1936ರಲ್ಲಿ. 100 ಮಿಲಿ ರಕ್ತದಲ್ಲಿ ಭಾರತದ ಮಿತಿ 30 ಮಿಲಿಗ್ರಾಂ, ಸ್ಕಾಟ್ಲೆಂಡಿನದು 50, ಇಂಗ್ಲೆಂಡಿನದು 80. ಅಮೆರಿಕದ ಹೆಚ್ಚಿನ ರಾಜ್ಯಗಳು ಗ್ರಾಂ ಲೆಕ್ಕದಲ್ಲಿ 0.08 ಅಂತ ಬರೆಯುವುದೂ ಇದೇ 80ನ್ನು. ಯೂಟಾದಲ್ಲಿ ಮಾತ್ರ 0.05. ಸ್ಥಿತಿ ಕೇಳುವ ಕಾನೂನಿನಲ್ಲಿ ಅಂಕಿ ಕಮ್ಮಿ ಬಂದರೂ ಕೇಸ್ ಹಾಕಬಹುದು, ಆದರೆ ಆಗ ಗಾಡಿ ವಾಲಾಡಿದ್ದು, ಮಾತು ತೊದಲಿದ್ದು, ವೈದ್ಯರು ಕಂಡದ್ದು, ಇದೆಲ್ಲ ಸಾಕ್ಷ್ಯವಾಗಿ ಬರಬೇಕು.

ತಮಾಷೆ ಏನೆಂದರೆ ಭಾರತದ 185ನೇ ಸೆಕ್ಷನ್‌ನಲ್ಲಿ ಎರಡೂ ಇವೆ: ಮದ್ಯಕ್ಕೆ ಅಂಕಿ, ಡ್ರಗ್ಸ್‌ಗೆ "ಗಾಡಿಯನ್ನು ಸರಿಯಾಗಿ ನಿಯಂತ್ರಿಸಲು ಆಗದಷ್ಟು" ಅನ್ನುವ ಸ್ಥಿತಿ. ಇದಕ್ಕೆ ಕಾರಣವಿದೆ. ರಕ್ತದಲ್ಲಿನ ಮದ್ಯಕ್ಕೂ ಅಮಲಿಗೂ ಸುಮಾರಾಗಿ ತಾಳೆ ಬೀಳುತ್ತದೆ, ಗಾಂಜಾ ವಿಷಯದಲ್ಲಿ ಹಾಗಲ್ಲ, ಅಮಲು ಇಳಿದು ಎಷ್ಟೋ ದಿನವಾದರೂ ಮೂತ್ರದಲ್ಲಿ ಕುರುಹು ಸಿಗಬಹುದು. ಹಾಗಿದ್ದೂ ಇಂಗ್ಲೆಂಡ್ ಮತ್ತು ವೇಲ್ಸ್ 2015ರಿಂದ ಪಟ್ಟಿ ಮಾಡಿದ ಕೆಲವು ಡ್ರಗ್‌ಗಳಿಗೆ ಒಂದೊಂದಕ್ಕೂ ರಕ್ತದ ಮಿತಿ ಇಟ್ಟಿವೆ. ವೈದ್ಯರು ಬರೆದುಕೊಟ್ಟ ಔಷಧವನ್ನು ಅವರು ಹೇಳಿದಂತೆಯೇ ತೆಗೆದುಕೊಂಡವರಿಗೆ ಅಲ್ಲಿ ರಕ್ಷಣೆ ಇದೆ, ಆದರೆ ಅದು ಅಂಕಿಯ ಕೇಸಿಗೆ ಮಾತ್ರ. ಮಾತ್ರೆಯ ಮಂಪರಿನಲ್ಲಿ ಗಾಡಿ ಹಿಡಿತ ತಪ್ಪಿದ್ದರೆ ಸ್ಥಿತಿಯ ಕೇಸ್ ಹಾಗೇ ಉಳಿಯುತ್ತದೆ. ಚೀಟಿ ಇದೆ ಅಂತ ನೆಚ್ಚಿಕೊಳ್ಳುವವರು ಜಾಸ್ತಿ ಎಡವುವುದು ಇಲ್ಲೇ.

ಸೆಕ್ಷನ್‌ನಲ್ಲಿ ಉದ್ದೇಶದ ಷರತ್ತು ಹುಡುಕಬೇಡಿ, ಸಾಮಾನ್ಯವಾಗಿ ಅದು ಇರುವುದಿಲ್ಲ. "ಮಿತಿ ದಾಟಿದ್ದು ಗೊತ್ತಿರಲಿಲ್ಲ" ಅಂದರೆ ಬಿಡುಗಡೆಯಿಲ್ಲ.

ಕೊನೆಗೆ ಆ ಸೆಕ್ಷನ್ ದಾಟಿ ಮುಂದಿನವನ್ನೂ ತಿರುವಿ ಹಾಕಿ. ಪರೀಕ್ಷೆಗೆ ಒಪ್ಪದಿದ್ದರೆ ಏನು ಅನ್ನುವುದು ಬೇರೆಡೆ ಇರುತ್ತದೆ. ಬ್ರಿಟನ್‌ನಲ್ಲಿ ಸರಿಯಾದ ಕಾರಣವಿಲ್ಲದೆ ನಿರಾಕರಿಸುವುದೇ ಪ್ರತ್ಯೇಕ ಅಪರಾಧ. ಅಮೆರಿಕದ ಸುಪ್ರೀಂ ಕೋರ್ಟ್ 2016ರಲ್ಲಿ ಇಲ್ಲೊಂದು ಗೆರೆ ಎಳೆಯಿತು: ಬಂಧನದ ನಂತರ ಉಸಿರಿನ ಪರೀಕ್ಷೆ ಒಲ್ಲೆ ಅಂದವರನ್ನು ಶಿಕ್ಷಿಸಬಹುದು, ವಾರಂಟ್ ಇಲ್ಲದೆ ರಕ್ತ ಕೇಳಿದಾಗ ಒಲ್ಲೆ ಅಂದದ್ದಕ್ಕೆ ಶಿಕ್ಷಿಸುವಂತಿಲ್ಲ.